ಕುದುರೆಯಿಲ್ಲದ ಲಾಯ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಅಲ್ಲಿ ಅವಳಿಗೆ ನಿಜವಾದ ಮೈದುನ ಅಂತ ಇದ್ದವನು ಒಬ್ಬನೇ. ಉಳಿದವರೆಲ್ಲ ಬಾಯಿಮಾತಿನ ಮೈದುನರು. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವರಾದ ಲೆಕ್ಕಪತ್ರದವರೂ ಅತ್ತಿಗೆ ಅನ್ನುತ್ತಿದ್ದರು, ನೀರಿನ ಕ್ಯಾನು ಹೊತ್ತು ತರುವವನೂ ಅತ್ತಿಗೆ ಅನ್ನುತ್ತಿದ್ದ. ಕಡೆಗೆ ಕಂಪನಿಯ ಒಡೆಯನೂ ಹಾಗೇ ಕರೆಯತೊಡಗಿದ ಮೇಲೆ ಅವಳ ಹೆಸರು ಅವಳ ಗುರುತಿನ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿಯಲಿಲ್ಲ.

ಅದು ಕಂಪ್ಯೂಟರ್ ಆಟಗಳನ್ನು ತಯಾರಿಸುವ ಆಫೀಸು. ಮಂಚ, ಸೋಫಾ ಮಾರುವ ಅಂಗಡಿಯೊಂದರ ಮೇಲಿನ ಎರಡು ಅಂತಸ್ತು. ಪರದೆಗಳ ಮೇಲೆ ಬಿಸಿಲು ಬೀಳಬಾರದೆಂದು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಡಿದಿದ್ದರು. ಹೊರಗೆ ಹಗಲೋ ಸಂಜೆಯೋ ಒಳಗಿದ್ದವರಿಗೆ ತಿಳಿಯುತ್ತಿರಲಿಲ್ಲ. ತಿಳಿಯದಿರುವುದೇ ಒಳ್ಳೆಯದು ಎಂದು ಒಡೆಯ ಅಂದುಕೊಂಡಿದ್ದನೋ ಏನೋ. ಕೆಳಗಿನ ಅಂಗಡಿಯಲ್ಲಿ ಮಲಗುವವರಿಗಾಗಿ ಹಾಸಿಗೆ ಮಾರುತ್ತಿದ್ದರು, ಮೇಲೆ ನಿದ್ದೆಗೆಟ್ಟವರು ಕೂತಿರುತ್ತಿದ್ದರು.

ಅವಳನ್ನು ಅಲ್ಲಿಗೆ ಕರೆತಂದವನು ಮೈದುನನೇ. ಅವನು ಅನಿಮೇಟರ್, ಅಂದರೆ ಆಟದೊಳಗಿನ ಮನುಷ್ಯರಿಗೂ ಪ್ರಾಣಿಗಳಿಗೂ ನಡಿಗೆ, ಓಟ, ಉಸಿರು ಕೊಡುವವನು. ಆಫೀಸಿನ ಉಸ್ತುವಾರಿ ನೋಡುತ್ತಿದ್ದವರು ಬಿಟ್ಟುಹೋದಾಗ ಅವನು ಒಡೆಯನಿಗೆ ಹೇಳಿದ್ದನಂತೆ: "ನಮ್ಮತ್ತಿಗೇನ ಕರೀತೀನಿ ಸಾರ್. ನಮ್ಮಮ್ಮ, ನಮ್ಮಣ್ಣ ಇಬ್ಬರನ್ನೂ ಒಂದೇ ಮನೇಲಿ ಸಂಭಾಳಿಸ್ತಾರೆ. ಅವರಿಗೆ ಈ ಆಫೀಸು ಯಾವ ಲೆಕ್ಕ?"

ಲೆಕ್ಕವೇ ಆಗಲಿಲ್ಲ. ಮುರಿದ ಕುರ್ಚಿ, ಕೆಟ್ಟ ಏಸಿ, ಟೀ, ಊಟದ ಡಬ್ಬಿ, ರಜೆ, ಜಗಳ ಎಲ್ಲವೂ ವರ್ಷ ತುಂಬುವುದರೊಳಗೆ ಅವಳ ಸೆರಗಿನ ಗಂಟಿಗೆ ಬಂದವು. ಆದರೆ ಅವಳ ನಿಜವಾದ ಕೈಚಳಕ ಇದ್ದದ್ದು ಫೋನಿನಲ್ಲಿ. ಆಟ ಬಿಡುಗಡೆಯಾಗುವ ಮುಂಚೆ ಮನೆಮಠ ಬಿಟ್ಟು ದುಡಿಯುವ ದಿನಗಳಿಗೆ ಅಲ್ಲಿ ಕ್ರಂಚ್ ಅನ್ನುತ್ತಿದ್ದರು. ವಾರ ಅಂತ ಶುರುವಾದದ್ದು ತಿಂಗಳಾಗುತ್ತಿತ್ತು, ತಿಂಗಳು ಮೂರಾಗುತ್ತಿತ್ತು. ಆಗ ಮನೆಗಳಿಂದ ಫೋನು ಬರುತ್ತಿದ್ದವು: ಅಳುವ ಹೆಂಡತಿಯರು, ಗದರುವ ಅಪ್ಪಂದಿರು, ನಿಶ್ಚಿತಾರ್ಥ ಮುರಿಯುತ್ತೇವೆ ಅನ್ನುವ ಬೀಗರು. ಹುಡುಗರು ಫೋನನ್ನು ಅತ್ತಿಗೆಯ ಕೈಗೆ ಕೊಟ್ಟು ಕೈಮುಗಿಯುತ್ತಿದ್ದರು. ಅವಳು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದಳು.

"ಅಮ್ಮಾ, ನಾನು ಇಲ್ಲೇ ಇದೀನಿ. ಹೊತ್ತು ಹೊತ್ತಿಗೆ ಊಟ ಮಾಡಿಸ್ತೀನಿ. ನಿಮ್ಮ ಮಗ ಬೇರೆ ಅಲ್ಲ, ನಮ್ಮನೆ ಹುಡುಗ ಬೇರೆ ಅಲ್ಲ. ಇನ್ನೊಂದಿಷ್ಟು ದಿನ, ಅಷ್ಟೇ."

ಆ ಕಡೆಯವರು ತಣ್ಣಗಾಗುತ್ತಿದ್ದರು. ಅವಳು ಸುಳ್ಳು ಹೇಳುತ್ತಿರಲಿಲ್ಲ, ನಿಜಕ್ಕೂ ಊಟ ಮಾಡಿಸುತ್ತಿದ್ದಳು. ಮೇಜಿನ ಮೇಲೆ ತಲೆಯಿಟ್ಟು ಮಲಗಿದವರಿಗೆ ಮನೆಯಿಂದ ದಿಂಬು ತಂದು ಕೊಡುತ್ತಿದ್ದಳು. ಅವಳಷ್ಟು ಒಳ್ಳೆಯವಳಲ್ಲದಿದ್ದರೆ ಅರ್ಧ ಜನ ಎದ್ದು ಮನೆಗೆ ಹೋಗುತ್ತಿದ್ದರು, ಉಳಿದರ್ಧ ಜನ ಜಗಳಕ್ಕೆ ನಿಲ್ಲುತ್ತಿದ್ದರು ಎಂಬುದು ಆಗ ಅವಳಿಗೆ ಹೊಳೆದಿರಲಿಲ್ಲ. ಹೊಳೆಯುವ ಹೊತ್ತಿಗೆ ಕೋಟೆ ಸೂರೆಹೋಗಿತ್ತು.

ಮನೆಯಲ್ಲಿ ಐವರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ, ಆಡಿದರೆ ಕುಟುಕು. ಅತ್ತೆ, ಮೈದುನ, ಶಾಲೆಗೆ ಹೋಗುವ ಮಗಳು ಪುಟ್ಟಿ. ಮದುವೆಯಾಗಿ ಬಂದಾಗ ಮೈದುನ ಇನ್ನೂ ಓದುತ್ತಿದ್ದ. ಅವನು ಚಿತ್ರ ಬರೆದರೆ ಮೊದಲು ತೋರಿಸುತ್ತಿದ್ದದ್ದು ಅವಳಿಗೆ. "ಅತ್ತಿಗೆ, ಒಂದು ನಿಮಿಷ ಬನ್ನಿ, ನೋಡಿ" ಎಂದು ಅವನು ಒಳಗಿನಿಂದ ಕೂಗುವುದು, ಇವಳು ಒಲೆ ಸಣ್ಣ ಮಾಡಿ, ಕೈ ಒರೆಸುತ್ತ ಹೋಗಿ ನಿಲ್ಲುವುದು ಆ ಮನೆಯ ದಿನಚರಿ. ಅವಳಿಗೆ ಚಿತ್ರ ಗೊತ್ತಿರಲಿಲ್ಲ. "ಈ ಬೆಕ್ಕಿಗೆ ಹಸಿವಾದ ಹಾಗಿದೆ" ಅನ್ನುತ್ತಿದ್ದಳು, ಅಷ್ಟೇ. ಅಷ್ಟು ಕೇಳಿದರೆ ಅವನಿಗೆ ಸಾಕಿತ್ತು. ದೊಡ್ಡವನಾಗಿ, ಕೆಲಸಕ್ಕೆ ಸೇರಿ, ಗಡ್ಡ ಬಿಟ್ಟ ಮೇಲೂ ಆ ಕರೆ ನಿಲ್ಲಲಿಲ್ಲ.

ಆ ವರ್ಷದ ಆಟದಲ್ಲಿ ಒಂದು ದೊಡ್ಡ ಹಳೆಯ ಪಟ್ಟಣವಿತ್ತು, ಆ ಪಟ್ಟಣದಲ್ಲಿ ಒಂದು ಕುದುರೆ ಇರಬೇಕಿತ್ತು. ಆಡುವವರು ಅದರ ಮೇಲೆ ಕೂತು ಬೀದಿ ಬೀದಿ ಓಡಬೇಕು. ಕುದುರೆ ಮೈದುನನ ಪಾಲಿಗೆ ಬಂತು. ಅವನು ಅದನ್ನು ತಲೆಗೆ ಹಚ್ಚಿಕೊಂಡ. ಊರಾಚೆ ಕುದುರೆ ಸವಾರಿ ಕಲಿಸುವ ಜಾಗಕ್ಕೆ ಹೋಗಿ ಬೇಲಿಯ ಪಕ್ಕ ಕೂತು ಬಂದ. ಮನೆಯ ನಡುಕೋಣೆಯಲ್ಲಿ ಪುಟ್ಟಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ನಾಲ್ಕು ಕಾಲಲ್ಲಿ ನಡೆದ. "ಹಿಂಗಾಲು ಮೊದಲು ಬರುತ್ತೆ ಅತ್ತಿಗೆ, ನೋಡಿ" ಅಂದ. ಅತ್ತೆ ಬಾಗಿಲಲ್ಲಿ ನಿಂತು, "ಮದುವೆ ವಯಸ್ಸಿಗೆ ಬಂದವನು ಕುದುರೆ ಆಗಿದ್ದಾನಲ್ಲೇ" ಎಂದು ಹಣೆ ಚಚ್ಚಿಕೊಂಡರು.

ಕ್ರಂಚ್ ಶುರುವಾಯಿತು. ಅತ್ತೆ ಕೇಳಿದರು, "ಕ್ರಂಚ್ ಅಂದ್ರೇನೇ, ಬಿಸ್ಕತ್ತಾ?"

"ಹೂಂನಮ್ಮಾ, ಬಿಸ್ಕತ್ತೇ," ಅಂದ ಅವಳ ಗಂಡ. "ಬಿಸ್ಕತ್ತು ಇವರು, ತಿನ್ನೋನು ಇವರ ಧಣಿ. ನಮ್ಮ ಡಿಪೋದಲ್ಲಿ ಬಸ್ಸಿಗೂ ವಾರಕ್ಕೊಂದು ದಿನ ಗುಂಡಿ ಮೇಲೆ ನಿಲ್ಲಿಸಿ ಎಣ್ಣೆ ಬಿಡ್ತೀವಿ. ಇವರಿಗೆ ಅದೂ ಇಲ್ಲ."

ಆಫೀಸಿನವರೂ ಒಡೆಯನನ್ನು ಬೆನ್ನ ಹಿಂದೆ ಧಣಿ ಅಂತಲೇ ಕರೆಯುತ್ತಿದ್ದರು. ಕೆಟ್ಟವನಲ್ಲ, ಎಲ್ಲರ ಜೊತೆ ತಾನೂ ಕೂತು ದುಡಿಯುತ್ತಿದ್ದ. ಅದೇ ಇನ್ನೂ ದೊಡ್ಡ ಕಷ್ಟ. ಕೂಗಾಡುವ ಧಣಿಯಾದರೆ ಎದುರಾಡಬಹುದು, ಕಣ್ಣು ಕೆಂಪಗೆ ಮಾಡಿಕೊಂಡು ಪಕ್ಕದಲ್ಲೇ ಕೂತವನಿಗೆ ಏನು ಹೇಳುವುದು?

ಮೈದುನನ ಬಲಗೈಗೆ ಜೋಮು ಹಿಡಿಯತೊಡಗಿದ್ದು ಆಗ. ಹೆಬ್ಬೆರಳು, ಪಕ್ಕದ ಎರಡು ಬೆರಳು ಮರಗಟ್ಟುತ್ತಿದ್ದವು. ಕೈಯನ್ನು ಗಾಳಿಯಲ್ಲಿ ಒದರಿ ಮತ್ತೆ ಪೆನ್ನು ಹಿಡಿಯುತ್ತಿದ್ದ. ಒಂದು ಬೆಳಿಗ್ಗೆ ಟೀ ಲೋಟ ಅವನ ಕೈಯಿಂದ ಜಾರಿ ಬಿತ್ತು. ಅಣ್ಣ ನಗಾಡಿದ: "ಕುದುರೆ ಕಂಡರೆ ಕಾಲುನೋವು ಅಂತಾರೆ, ನಿನಗೇನೋ ಕೈನೋವು?" ಎಲ್ಲರೂ ನಕ್ಕರು. ಅತ್ತೆ ಮಾತ್ರ ಒಡೆದ ಗಾಜು ಬಳಿಯುತ್ತ ಸೊಸೆಯ ಮುಖ ನೋಡಿದರು.

"ನೀನು ಅಲ್ಲೇ ಇರ್ತೀಯಲ್ಲ, ಸ್ವಲ್ಪ ನೋಡ್ಕೊಳ್ಳೇ. ನೀನಿದ್ದೀಯ ಅಂತ ನಾನು ಸುಮ್ಮನಿದ್ದೀನಿ."

"ನೋಡ್ಕೋತೀನಿ ಅತ್ತೆ," ಅಂದಳು.

ಅದಾದ ಕೆಲವು ದಿನಕ್ಕೆ ಧಣಿ ಅವಳನ್ನು ಗಾಜಿನ ಕೋಣೆಗೆ ಕರೆದ. ಮುಖ್ಯಸ್ಥರೆಲ್ಲ ಸೇರಿ ಬಾಗಿಲು ಹಾಕಿಕೊಂಡು ಮಾತಾಡುವ ಕೋಣೆ ಅದು. ಇಷ್ಟು ವರ್ಷ ಅವಳು ಆ ಕೋಣೆಗೆ ಟೀ ಕಳಿಸಿದ್ದಳೇ ಹೊರತು ಒಳಗೆ ಕೂತಿರಲಿಲ್ಲ. ಅಂದು ಅವಳಿಗೂ ಒಂದು ಕುರ್ಚಿ ಹಾಕಿದ್ದರು. ಕೂತಾಗ ಒಳಗೊಳಗೇ ಹೆಮ್ಮೆಯಾದದ್ದು ನಿಜ.

ಧಣಿ ಹೇಳಿದ: ಕುದುರೆ ಹೋಯಿತು. ಕುದುರೆ ಓಡುವ ವೇಗಕ್ಕೆ ಮುಂದಿನ ಬೀದಿ ಪರದೆಯ ಮೇಲೆ ತಯಾರಾಗುವುದಿಲ್ಲ, ಸವಾರ ನೇರವಾಗಿ ಏನೂ ಇಲ್ಲದ ಬಿಳಿಗೆ ಬೀಳುತ್ತಾನೆ. ಸರಿಮಾಡಲು ಸಮಯವಿಲ್ಲ. ಆಟದಿಂದ ತೆಗೆಯುವುದು ಎಂದು ತೀರ್ಮಾನವಾಗಿದೆ.

"ಹಾಗಿದ್ರೆ ಅವನಿಗೆ ಈಗಲೇ ಹೇಳಿಬಿಡಿ ಸಾರ್," ಅಂದಳು ಅತ್ತಿಗೆ. "ಕೈ ಬೇರೆ ನೋಯ್ತಿದೆ ಅವನಿಗೆ."

"ಹೇಳ್ತೀವಿ ಅತ್ತಿಗೆ, ಹೇಳದೆ ಇರ್ತೀವಾ? ಹಣ ಹಾಕಿದವರು ನೋಡೋಕೆ ಬರ್ತಿದ್ದಾರೆ, ಅದೊಂದು ಮುಗೀಲಿ. ಒಬ್ಬನ ಕೆಲಸ ಹೋಯ್ತು ಅಂತ ಗೊತ್ತಾದ್ರೆ ನಾಳೆಯಿಂದ ಎಲ್ಲರೂ ನಂದು ಇದೆಯಾ, ನಂದು ಇದೆಯಾ ಅಂತ ಬಂದು ನಿಲ್ತಾರೆ. ಕೈ ಬಿಟ್ಟು ಕೂತ್ಕೋತಾರೆ. ಅದಕ್ಕೇ ನಿಮ್ಮನ್ನ ಕರೆದದ್ದು. ಅವನನ್ನ ಸ್ವಲ್ಪ ಹುರುಪಾಗಿ ಇಟ್ಟಿರಿ. ಆ ಕುದುರೆ ಮುಂದಿನ ಆಟಕ್ಕಾದರೂ ಬಂದೀತು."

ಅವಳು ಹೂಂ ಅಂದಳು. ಯಾಕೆ ಅಂದಳು ಎಂದು ಆಮೇಲೆ ತನ್ನನ್ನು ತಾನು ಎಷ್ಟು ಸಲ ಕೇಳಿಕೊಂಡಳೋ. ಹೆದರಿಕೆಯಲ್ಲ, ಆಸೆಯಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಕೂರಿಸಿ ನಂಬಿ ಹೇಳಿದರಲ್ಲ, ಆ ನಂಬಿಕೆ ಕೆಡಿಸಬಾರದು ಎನ್ನುವ ದೊಡ್ಡಸ್ತಿಕೆ. ಹತ್ತು ಜನರೆದುರು ಸಿಕ್ಕ ಕುರ್ಚಿಗೆ ಮನುಷ್ಯರು ಏನೇನೋ ತೆತ್ತುಬಿಡುತ್ತಾರೆ. ಅವಳು ತೆತ್ತದ್ದು ತನ್ನದಲ್ಲದ ಕೈಯನ್ನು.

ಹಣ ಹಾಕಿದವರು ಬರುವುದು ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಗುಟ್ಟು ಬಿಸಿತುಪ್ಪವಾಗಿ ಅವಳ ಗಂಟಲಲ್ಲಿ ಕೂತಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅದಕ್ಕೆ ಸರಿದೂಗಿಸುವಂತೆ ಉಪಚಾರ ಹೆಚ್ಚು ಮಾಡಿದಳು. ಮೈದುನನ ಮಣಿಕಟ್ಟಿಗೆ ಪಟ್ಟಿ ತಂದಳು, ಮುಲಾಮು ತಂದಳು, ಬಿಸಿನೀರಿನ ಚೀಲ ತಂದು ಮೇಜಿನ ಮೇಲಿಟ್ಟಳು. ಅವನು ನಗುತ್ತ, "ಅತ್ತಿಗೆ, ಇಷ್ಟು ಸೇವೆ ಮಾಡಿದ್ರೆ ಕುದುರೆ ಹಾರೋಕೂ ಶುರು ಮಾಡುತ್ತೆ" ಅಂದ. ಆಮೇಲೆ ಪರದೆ ತೋರಿಸಿದ. ಕುದುರೆ ಲಾಯದ ಬಾಗಿಲಿಂದ ಹೊರಬಂದು, ಕತ್ತು ಕೊಡವಿ, ಒಂದು ಕಾಲು ನೆಲಕ್ಕೆ ಕೆರೆಯಿತು. "ಹೇಗಿದೆ?"

"ಯಾರಿಗೋ ಕಾಯ್ತಾ ಇದ್ದ ಹಾಗಿದೆ," ಅಂದಳು ಅವಳು. ಅವನಿಗೆ ಆದ ಸಂತೋಷ ನೋಡಲಾಗದೆ ಅಡುಗೆಕೋಣೆ ಕಡೆ ಹೋದಳು.

ಒಂದು ದಿನ ಅವನೇ ಬಂದು ಕೇಳಿದ. "ಅತ್ತಿಗೆ, ನಾಳೆ ಅರ್ಧ ದಿನ ಡಾಕ್ಟರ ಹತ್ರ ಹೋಗಿ ಬರ್ಲಾ? ರಾತ್ರಿ ನಿದ್ದೇಲೂ ಕೈ ಉರಿಯುತ್ತೆ. ಅಂಗಿ ಗುಂಡಿ ಹಾಕೋಕೆ ಆಗ್ತಿಲ್ಲ."

ರಜೆ ಕೊಡುವುದು ಅವಳ ಕೈಲಿತ್ತು. ಹೋಗು ಅಂದಿದ್ದರೆ ಹೋಗುತ್ತಿದ್ದ. ಆದರೆ ಅವನು ಎದ್ದುಹೋದರೆ ಕುದುರೆಯ ಕೆಲಸ ಯಾರು ಮಾಡುವುದು ಎಂಬ ಮಾತು ಏಳುತ್ತದೆ, ಯಾರೂ ಮಾಡಬೇಕಿಲ್ಲ ಎಂಬುದು ಹೊರಬೀಳುತ್ತದೆ. ಇಷ್ಟು ದಿನ ಹೇಳದೆ ಇಟ್ಟದ್ದು ಬಯಲಾಗುತ್ತದೆ. ಮೊದಲ ದಿನ ಧಣಿಯ ಗುಟ್ಟಾಗಿದ್ದದ್ದು ಅಷ್ಟು ಹೊತ್ತಿಗೆ ಅವಳ ಸ್ವಂತ ಗುಟ್ಟಾಗಿತ್ತು.

"ಇನ್ನೊಂದು ವಾರ ತಡ್ಕೋ ಕಣೋ," ಅಂದಳು. "ಹಣ ಹಾಕಿದವರು ಬಂದು ನೋಡ್ಕೊಂಡು ಹೋಗ್ಲಿ, ನಾನೇ ಕರ್ಕೊಂಡು ಹೋಗ್ತೀನಿ."

"ಸರಿ ಅತ್ತಿಗೆ," ಅಂದು ಅವನು ಹೋಗಿ ಕೂತ. ಆ ವಾರವೂ ಮುಗಿದು ಇನ್ನೆಷ್ಟೋ ವಾರ ಕಳೆದವು.

ಕಡೆಗೆ ಅವಳು ಕರೆದುಕೊಂಡು ಹೋದಾಗ ಹೆಬ್ಬೆರಳ ಬುಡದ ಮಾಂಸ ಇಳಿದು ಅಲ್ಲಿ ಗುಳಿ ಬಿದ್ದಿತ್ತು. ಡಾಕ್ಟರು ಆ ಗುಳಿಯನ್ನು ಒತ್ತಿ ನೋಡಿ, ಅವನನ್ನಲ್ಲ, ಅವಳನ್ನು ಕೇಳಿದರು: "ಇಷ್ಟು ದಿನ ಏನಮ್ಮಾ ಮಾಡ್ತಿದ್ರಿ? ನರ ಹಿಸುಕಿಹೋಗಿದೆ. ಎರಡು ತಿಂಗಳ ಹಿಂದೆ ಬಂದಿದ್ರೆ ಮಾತೇ ಬೇರೆ." ಆಪರೇಷನ್ ಮಾಡಿದರು. ಉರಿ ಹೋಯಿತು. ಸೂಕ್ಷ್ಮ ಹಿಡಿತ ಮರಳಲಿಲ್ಲ. ಅನ್ನ ಕಲಸಬಹುದು, ಬಾಗಿಲು ತೆಗೆಯಬಹುದು. ಗೆರೆ ಎಳೆಯಹೋದರೆ ಬೆರಳುಗಳು ಮಾತು ಕೇಳುವುದಿಲ್ಲ.

ಅವನು ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಮನೆಯಲ್ಲಿದ್ದಾಗ ಧಣಿ ಫೋನ್ ಮಾಡಿ ಕುದುರೆಯ ವಿಷಯ ಹೇಳಿದ, ಈಗಷ್ಟೇ ತೀರ್ಮಾನವಾದ ಹಾಗೆ. "ಹೋಗ್ಲಿ ಬಿಡಿ ಸಾರ್," ಅಂದ ಮೈದುನ. ಅಣ್ಣ ಕೇಳಿ, "ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಲ್ಲೋ ನಿನ್ನ ಕೆಲಸ" ಅಂದ. ಅಂದಮೇಲೆ ಅಂದದ್ದಕ್ಕೆ ನೊಂದುಕೊಂಡು ತಮ್ಮನ ಭುಜ ತಟ್ಟಿದ. ಅತ್ತಿಗೆ ಅಲ್ಲೇ ಬಟ್ಟೆ ಮಡಿಸುತ್ತಿದ್ದಳು.

ಆಟ ಬಿಡುಗಡೆಯಾಯಿತು, ಚೆನ್ನಾಗಿಯೇ ಓಡಿತು. ಕುದುರೆ ತೆಗೆದರೂ ಲಾಯವನ್ನು ತೆಗೆಯಲಾಗಿರಲಿಲ್ಲ. ಆಟದೊಳಗಿನ ಮನೆ, ಗೋಡೆ, ಬೀದಿಗಳನ್ನೆಲ್ಲ ಕಟ್ಟುತ್ತಿದ್ದವನಿಗೆ ಆಫೀಸಿನಲ್ಲಿ ಮೇಸ್ತ್ರಿ ಅಂತ ಹೆಸರು. ಅವನು ಲಾಯದ ಗೋಡೆ ಕಿತ್ತಾಗೆಲ್ಲ ಪಕ್ಕದ ಬೀದಿಯ ಸೂರು ಗಾಳಿಯಲ್ಲಿ ತೇಲುತ್ತಿತ್ತಂತೆ. ಇರಲಿ ಎಂದು ಬಿಟ್ಟರು. ಹೀಗೆ ಆ ಪಟ್ಟಣದ ನಡುವೆ ಹುಲ್ಲು, ನೀರಿನ ತೊಟ್ಟಿ, ಗೂಟ, ಹಗ್ಗ ಎಲ್ಲ ಇದ್ದು ಕುದುರೆ ಮಾತ್ರ ಇಲ್ಲದ ಲಾಯವೊಂದು ಉಳಿಯಿತು. ಆಡುವವರು ಅದರ ಬಗ್ಗೆ ಏನೇನೋ ಕಥೆ ಕಟ್ಟಿದರು. ಕುದುರೆ ಎಲ್ಲೋ ಅಡಗಿದೆ, ಹುಡುಕಿದರೆ ಸಿಗುತ್ತದೆ ಎಂದು ಜಗತ್ತಿನ ಯಾವ್ಯಾವುದೋ ಮೂಲೆಯವರು ಹುಡುಕುತ್ತಿದ್ದರು.

ಮೈದುನ ಕೆಲಸ ಬಿಟ್ಟ. ಅಣ್ಣ ಯಾರನ್ನೋ ಹಿಡಿದು ಬಸ್ ನಿಲ್ದಾಣದಲ್ಲಿ ಕೆಲಸ ಕೊಡಿಸಿದ. ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಕಡೆಗೆ ಹೊರಟಿದೆ ಎಂದು ಕೂಗುವುದು. ಕೈ ಬೇಕಿಲ್ಲದ ಕೆಲಸ. ಅತ್ತೆ ಅಕ್ಕಪಕ್ಕದವರಿಗೆ ಹೇಳುತ್ತಿದ್ದರು: "ನಮ್ಮ ಸೊಸೆ ಪಕ್ಕದಲ್ಲಿದ್ಲು, ಸರಿಹೋಯ್ತು. ಕರ್ಕೊಂಡು ಹೋಗಿ ಆಪರೇಷನ್ ಮಾಡಿಸಿದ್ಲು. ಇಲ್ಲದಿದ್ರೆ ಪೂರ್ತಿ ಕೈಯೇ ಹೋಗ್ತಿತ್ತು." ಸೊಸೆ ಆ ಹೊಗಳಿಕೆ ಕೇಳಿಸದ ಹಾಗೆ ನಲ್ಲಿ ಜೋರಾಗಿ ತಿರುಗಿಸುತ್ತಿದ್ದಳು. ಬೈಗುಳವನ್ನು ತಡೆದುಕೊಳ್ಳಬಹುದಿತ್ತು, ಇದು ಆಗುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮೇಸ್ತ್ರಿ ಹಣ್ಣು ತೆಗೆದುಕೊಂಡು ಮೈದುನನನ್ನು ನೋಡಲು ಬಂದ. ಒಳ್ಳೆಯ ಮನುಷ್ಯ, ಮನಸ್ಸಿನಲ್ಲಿ ಇಟ್ಟುಕೊಳ್ಳಲು ಬಾರದವನು. ಅತ್ತೆ ಟೀ ಕೊಟ್ಟರು. ಅತ್ತಿಗೆ ಬಾಗಿಲ ಪಕ್ಕ ನಿಂತಿದ್ದಳು. ಮಾತು ಅಲ್ಲಿ ಇಲ್ಲಿ ಸುತ್ತಿ ಲಾಯಕ್ಕೇ ಬಂತು.

"ನಾನು ಆವತ್ತೇ ಹೇಳಿದ್ದೆ ಅಮ್ಮಾ ಇವನಿಗೆ," ಅಂದ ಮೇಸ್ತ್ರಿ. "ಲಾಯದ ಹಿಂದಿನ ದಾರಿ ಮುಚ್ಚು ಅಂತ ನನಗೆ ಹೇಳಿದ್ರು. ದಾರಿ ಮುಚ್ಚಿದ ಮೇಲೆ ಕುದುರೆ ಎಲ್ಲಿಂದ ಓಡುತ್ತೆ? ನಿನ್ನ ಕುದುರೆ ಹೋಯ್ತು ಕಣೋ, ಸುಮ್ಮನೆ ಕೈ ಸವೆಸ್ಬೇಡ, ಎದ್ದು ಡಾಕ್ಟರ ಹತ್ರ ಹೋಗು ಅಂದೆ. ಇವನು ಕೇಳಲೇ ಇಲ್ಲ. ಏನಂದ ಗೊತ್ತಾ? 'ಹಾಗಿದ್ದಿದ್ರೆ ನಮ್ಮತ್ತಿಗೆ ಹೇಳ್ತಿದ್ರು.' ಅಷ್ಟೇ. ಮತ್ತೆ ಕೂತ್ಕೊಂಡು ಗೊರಸು ಸರಿ ಮಾಡಿದ."

ಮೈದುನ ನಕ್ಕ. "ಹೌದು, ಅಂದಿದ್ದೆ."

"ಅಲ್ಲಾ ಅತ್ತಿಗೆ," ಮೇಸ್ತ್ರಿ ಅವಳ ಕಡೆ ತಿರುಗಿದ, ಮಾತಿಗೆ ಮಾತು ಅನ್ನುವ ಹಾಗೆ. "ನಿಜವಾಗಿ ಯಾವಾಗ ತೀರ್ಮಾನ ಆದದ್ದು ಅದು? ಆವಾಗ ಒಂದ್ಸಲ ನಿಮ್ಮನ್ನೂ ಗಾಜಿನ ಕೋಣೆಗೆ ಕರೆದಿದ್ರಲ್ಲ."

ಅತ್ತೆಯೇ ಉತ್ತರ ಕೊಟ್ಟರು. "ಚೆನ್ನಾಗಿದೆಯಪ್ಪಾ ನಿನ್ನ ಮಾತು! ಅವಳಿಗೆ ಗೊತ್ತಿದ್ದಿದ್ರೆ ಹೇಳದೆ ಇರ್ತಿದ್ಲಾ? ಸ್ವಂತ ಮೈದುನ."

ಎಲ್ಲರೂ ಅವಳ ಮುಖ ನೋಡಿದರು. ಇಲ್ಲ, ಗೊತ್ತಿರಲಿಲ್ಲ ಅನ್ನುವುದಕ್ಕೆ ಒಂದು ಮಾತು ಸಾಕಿತ್ತು. ಅವಳು ಮೇಸ್ತ್ರಿ ಇನ್ನೂ ಅರ್ಧವಷ್ಟೇ ಕುಡಿದಿಟ್ಟಿದ್ದ ಟೀ ಲೋಟವನ್ನು ಖಾಲಿ ಲೋಟದಂತೆ ಎತ್ತಿಕೊಂಡಳು. ಮೇಸ್ತ್ರಿಗೆ ಏನೂ ತಿಳಿಯಲಿಲ್ಲ, ಅತ್ತೆಗೂ ತಿಳಿಯಲಿಲ್ಲ. ಮೈದುನ ಮಾತ್ರ ಆ ಲೋಟವನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡು ನಿಧಾನವಾಗಿ ತೊಡೆಯ ಕೆಳಗೆ ಸೇರಿಸಿಕೊಂಡ. "ಬಿಡೋ ಮೇಸ್ತ್ರಿ, ಆದದ್ದು ಆಯ್ತು," ಅಂದ.

ಅವನು ಅವಳನ್ನು ಒಂದು ಮಾತೂ ಕೇಳಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ. ಕೇಳಿ ಬೈದಿದ್ದರೆ ಕಾಲು ಹಿಡಿದಾದರೂ ಅತ್ತುಬಿಡುತ್ತಿದ್ದಳು. ಅವನು ಎಂದಿನಂತೆ ಮರ್ಯಾದೆಯಿಂದಲೇ ಇದ್ದ. "ಅತ್ತಿಗೆ, ಊಟ ಆಯ್ತಾ?" "ಅತ್ತಿಗೆ, ಹಾಲು ತರ್ಲಾ?" ಯಾವುದರಲ್ಲೂ ಲೋಪವಿಲ್ಲ.

ಮುಂದಿನ ಆಟದ ಕ್ರಂಚ್ ಬಂದಾಗ ಯಾರದೋ ತಾಯಿಯ ಫೋನು ಅವಳ ಕೈಗೆ ಬಂತು. ಆ ತಾಯಿ, "ನೀವು ಇದೀರಲ್ಲಮ್ಮ, ನನಗೆ ಚಿಂತೆ ಇಲ್ಲ" ಅಂದರು. "ಇಲ್ಲಮ್ಮಾ, ನಾನಿದೀನಿ ಅಂತ ನೆಚ್ಚಿಕೊಂಡು ಕೂರಬೇಡಿ," ಅಂದಳು ಅತ್ತಿಗೆ. "ನಿಮ್ಮ ಮಗನ್ನ ಈ ಸಂಜೆಯೇ ಮನೆಗೆ ಕರೆಸ್ಕೊಳ್ಳಿ." ಧಣಿ ಬೇಸರ ಮಾಡಿಕೊಂಡ. ಅವಳು ಆ ತಿಂಗಳೇ ಕೆಲಸ ಬಿಟ್ಟಳು. ಬಿಡಬೇಡಿ ಎಂದು ಹುಡುಗರು ಬಹಳ ಕೇಳಿಕೊಂಡರು. ಬಿಟ್ಟದ್ದರಿಂದ ಯಾರ ಕೈಯೂ ಮರಳಿ ಬರಲಿಲ್ಲ, ಅದು ಅವಳಿಗೂ ಗೊತ್ತು.

ಈಗ ಮೈದುನ ಸಂಜೆ ಬಸ್ ನಿಲ್ದಾಣದಿಂದ ಬಂದು ಕೋಣೆಯಲ್ಲಿ ಕೂತು ಎಡಗೈಯಲ್ಲಿ ಚಿತ್ರ ಬರೆಯುವುದನ್ನು ಕಲಿಯುತ್ತಾನೆ. ಮೊದಮೊದಲು ಗೆರೆ ಮಕ್ಕಳ ಗೆರೆಯಂತಿತ್ತು, ಈಚೆಗೆ ಸುಧಾರಿಸಿದೆ ಎಂದು ಪುಟ್ಟಿ ಹೇಳುತ್ತಾಳೆ. ನಿನ್ನೆ ಅತ್ತಿಗೆ ಅಡುಗೆ ಮಾಡುತ್ತಿದ್ದಾಗ ಕೋಣೆಯೊಳಗಿನಿಂದ ಅವನ ದನಿ ಕೇಳಿತು: "ಒಂದು ನಿಮಿಷ ಬಾ, ನೋಡು."

ಅವಳ ಕೈ ತಾನಾಗಿ ಒಲೆ ಸಣ್ಣ ಮಾಡಿತು. ಅಷ್ಟರಲ್ಲಿ ಪುಟ್ಟಿ, "ಬಂದೆ ಚಿಕ್ಕಪ್ಪಾ" ಎಂದು ಓಡಿದಳು. ಒಳಗೆ ಮಗು, "ಕುದುರೆ!" ಎಂದು ಕೂಗಿದ್ದು ಕೇಳಿಸಿತು. ಅತ್ತಿಗೆ ಒದ್ದೆ ಕೈ ಒರೆಸಿಕೊಂಡು ಒಲೆ ಮತ್ತೆ ದೊಡ್ಡ ಮಾಡಿದಳು.